ಬಟ್ ನಂಬರ್ ನಾಕನೂರಾ ಹದಿನೇಳು

ಪುಣೆ, ಶಿವಾಜಿನಗರ. ಹೆಡ್‌ಕ್ವಾರ್ಟರ್ಸಿನ ಶಸ್ತ್ರಾಗಾರದಾಗ
ಟ್ಯೂಬ್‌ಲೈಟಿನ ಕೆಳಗ ನಾನು, ಮಲಕಾರಿ ಹತ್ತಳ್ಳಿ, ಆರ್ಮರರ್,
ಒಂದು ಪಿಸ್ತೂಲು ಬಿಚ್ಚಿ ಗೋಣಿತಟ್ಟಿನ ಮ್ಯಾಲ ಹರವೀನಿ:
ಸ್ಲೈಡು, ನಳಿಗಿ, ಸ್ಪ್ರಿಂಗು.
ನಾಕನೂರಾ ಹದಿನೇಳು.
ಹದಿನಾರು ವರ್ಷದ ಕೂಸು.

ಇದು ಯಾರನ್ನೂ ಕೊಂದಿಲ್ಲ.
ಹವಾಲ್ದಾರ ವಾಘಚೌರೆನ ಸೊಂಟದ ಮ್ಯಾಲ ಒಂಬತ್ತು ವರ್ಷ
ಗಣಪತಿ ಕಳಿಸಿ ಬಂದದ, ಲಕ್ಷ್ಮೀ ರೋಡಿನ ಗುಲಾಲು
ಹಿಡಿಕಿಯ ಗೀರಿನಾಗ ಇನ್ನೂ ಕೂತದ,
ಸೂಜಿಲೆ ಕೆದರಿದ್ರೂ ಬರಂಗಿಲ್ಲ.
ಮಂತ್ರಿಗೋಳು ಬಂದಾಗ ಸರ್ಕಿಟ್ ಹೌಸಿನ ಮುಂದ ಬಿಸಿಲು ಕಾದದ.
ಹಾರಿಸಿದ್ದು ರೇಂಜಿನಾಗ ಅಷ್ಟ,
ಕಾಗದದ ಮನಶ್ಯಾನ ಎದಿಗೆ.

ಮೂರು ವರ್ಷದ ಹಿಂದ ಪಿಸ್ತೂಲಿನ ಕಾಡತೂಸು ಬರಲಿಲ್ಲ.
ಕಾರ್ಬೈನಿನ ಪೆಟ್ಟಿಗಿ ಇದ್ದುವು, ಬೇಕಾದಷ್ಟು.
ಅಳತಿ ಒಂದ. ಹೊಟ್ಟ್ಯಾಗಿನ ಸಿಟ್ಟು ಬ್ಯಾರೆ.
"ಒಳಗ ಹೋಗತದಲ್ಲ? ಮತ್ತೇನು?" ಅಂದ್ರು ಸಾಹೇಬ್ರು.
ಹೋಗತದ್ರಿ. ಹೋಗೂದು ಯಾವತ್ತೂ ತ್ರಾಸಲ್ಲ.
ನಾ ಮೂರು ಪತ್ರ ಬರದೆ, ಮರಾಠಿಯೊಳಗ.
ಮೂರಕ್ಕೂ ಜಾವಕ ನಂಬರ್ ಬಿತ್ತು.
ಅಷ್ಟ ಬಿತ್ತು.

ಉಕ್ಕು ಒಡದ್ರ ಒಮ್ಮೆಗೇ ಒಡೀತದಂತ ಜನ ತಿಳದಾರ.
ಹಂಗಲ್ಲ ಅದು.
ಗುಂಡಿಗೊಮ್ಮೆ ಸ್ಲೈಡು ಹಿಂದ ಬಂದು ಚೌಕಟ್ಟಿಗೆ ಹಾಯತದ,
ಸ್ಪ್ರಿಂಗು ಆ ಪೆಟ್ಟು ನುಂಗತದ, ತಿರುಗಿ ಮುಂದ ತಳ್ಳತದ.
ಹೊಸಾ ಸ್ಪ್ರಿಂಗಿನ ಬಾಜೂಕ ಇದನ್ನ ನಿಂದರಿಸಿದ್ರ
ಅಕ್ಕನ ಮುಂದ ತಂಗಿ ನಿಂತಂಗ, ನಾಕು ಸುತ್ತಿನಷ್ಟು ಗಿಡ್ಡ.
ಗಿಡ್ಡಾದದ್ದು ನುಂಗಲಾರದ ಉಳಿಸಿದ ಪೆಟ್ಟು
ಎಲ್ಲೆ ಹೋಗಬೇಕು?

ಅದನ್ನ ಹುಡುಕೂದು ಕಲಿಸಿದಾಂವ ಕೊಂಡಿಬಾ ಲೋಹಾರ, ನನ್ನ ಉಸ್ತಾದ:
ಚಿಮಣಿ ಎಣ್ಣಿಯೊಳಗ ಒಂದ ರಾತ್ರಿ ನೆನಸು.
ಒಣಾ ಅರಿವಿಲೆ ಒರಸು, ಎಣ್ಣಿ ಇದ್ದೇ ಇರಲಿಲ್ಲ ಅನ್ನೂ ಹಂಗ.
ಸೀಮೆಸುಣ್ಣದ ಪುಡಿ ಊದು.
ಬೀಡಿ ಸೇದಬ್ಯಾಡ. ಕುಂಡ್ರು.

ಕುಂತೆ.
ಹೊರಗ ಹೊಸಾ ಹುಡಿಗ್ಯಾರ ಪರೇಡು. ನನ್ನ ಎಡಗಿವಿಗೆ
ಬೂಟಿನ ಸಪ್ಪಳ ಅರ್ಧಾನ ಕೇಳತದ, ಉಳದರ್ಧಾ ಜೀರುಂಡಿ;
ಇಪ್ಪತ್ತೆರಡು ವರ್ಷ ಎಲ್ಲಾ ಪಿಸ್ತೂಲು ಪರೀಕ್ಷಾ ಹಾರಿಸಿದಾಂವ ನಾನ.
ಚಾ ತಣ್ಣಗಾತು, ಕೆನಿಗಟ್ಟಿತು.
ಬಿಳೇ ಸುಣ್ಣದ ಮ್ಯಾಲ, ಖಾಲಿ ಕೋಶ ಜಿಗಿಯೂ ಕಿಂಡಿಯ ಮೂಲ್ಯಾಗ,
ಒಂದು ಗೆರಿ ಮೂಡಿತು.
ಕೂದಲಕ್ಕಿಂತ ತೆಳು.
ಒಳಗ ಅಡಗಿದ್ದ ಎಣ್ಣಿ ತಾನ ಬಂದು ಚಾಡಿ ಹೇಳಿದಂಗ.

ವಾಘಚೌರೆ ಬಂದು ಬಗ್ಗಿ ನೋಡಿದ.
ಮುಂದಿನ ತಿಂಗಳ ಅವನ ರಿಟೈರು.
"ಇಷ್ಟ ಗೆರಿಗೆ?"
"ಐವತ್ತನೇ ಗುಂಡಿಗೆ ಹೋಗಬಹುದು, ಐನೂರನೇದಕ್ಕ ಹೋಗಬಹುದು.
ಹೋದ್ರ ಹಿಂದ ಬರತದ, ನಿನ್ನ ಕಣ್ಣಿಗೆ."
ಅಂವ ನಂಬರಿನ ಮ್ಯಾಲ ಹೆಬ್ಬೆರಳು ಇಟ್ಟ. ಎತ್ತಲಿಲ್ಲ.
"ಇದ್ರಾಗ ನಾ ಒಮ್ಮೆಯೂ ಗುರಿ ಹೊಡದಿಲ್ಲ, ಗೊತ್ತೇನು?" ಅಂತ ನಕ್ಕ.
ಎದ್ದು ಹೋಗೂವಾಗ ಪಟ್ಟಾ ಖಾಲಿ.
ಬಲಗಡೆ ಸೊಂಟ ಮಾತ್ರ
ಕಿಲೋದಷ್ಟು ಭಾರ ಇನ್ನೂ ಹೊತ್ತಂಗ ವಾಲಿತ್ತು.

ರಜಿಸ್ಟರು ತಗದೆ. ಕೆಂಪು ಶಾಯಿ.
ನಾಕನೂರಾ ಹದಿನೇಳು, ಬಾದ.
ಕಾರಣ ಬರಿಯೂ ಖಾನಿ ಒಂದು ಬೆರಳಿನಗಲ.
"ವಯಸ್ಸು ಅಂತ ಬರದುಬಿಡ್ರಿ," ಅಂದ್ರು ಸಾಹೇಬ್ರು, ಫೋನು ಕೆಳಗಿಡದ.
ನಾ ಕಾರ್ಬೈನ್ ಪೆಟ್ಟಿಗಿಯ ಲಾಟ್ ನಂಬರ್ ಬರದೆ,
ಸಣ್ಣ ಅಕ್ಷರದಾಗ, ಗೆರಿ ದಾಟದಂಗ.

ರ‍್ಯಾಕಿನಾಗ ಇನ್ನೂ ಇನ್ನೂರಾ ಆರು ಅದಾವು.
ಎಣ್ಣಿ ಡಬ್ಬಿ ಅರ್ಧಾ.