ಆರು ದೌಡು

ಜುಬೈಲಿನಲ್ಲಿ ಆಗಸ್ಟಿನ ರಾತ್ರಿ ಒಂಬತ್ತಕ್ಕೂ
ಹುಲ್ಲು ಬಿಸಿ. ಹುಲ್ಲೆಂದರೆ ಪ್ಲಾಸ್ಟಿಕ್ಕು,
ಅದರಡಿ ಹಳೇ ಟೈರಿನ ಕರಿ ರವೆ;
ಬೂಟು ಬಿಚ್ಚಿ ಕೊಡವಿದರೆ ಸಾಸಿವೆಯಂತೆ ಉದುರುತ್ತದೆ.
ದೂರದಲ್ಲಿ ರಿಫೈನರಿಯ ಬೆಂಕಿನಾಲಗೆ
ಗಾಳಿಯಿಲ್ಲದೆ ನೆಟ್ಟಗೆ ನಿಂತಿದೆ.

ನಾನು ಸ್ಟೋರ್ ಕೀಪರ್.
ಗ್ಯಾಸ್ಕೆಟ್ಟು, ಬೋಲ್ಟು, ವಾಷರುಗಳ ಪುಸ್ತಕವನ್ನು
ತಿರುವಿ ಹಿಡಿದರೆ ಹಿಂದಿನಿಂದ ಹುಡುಗರ ಲೆಕ್ಕ:
ಮೈಯದ್ದಿ, ಮೂವತ್ತು ಮೀಟರು, ನಾಲ್ಕು ಪಾಯಿಂಟ್ ಐದು.
ಸಿರಿಲ್ ಕ್ರಾಸ್ತಾ, ನಾಲ್ಕು ಪಾಯಿಂಟ್ ಎಂಟು, ಮೊಣಕಾಲು ನೋವು.
ಗದುಗಿನ ಚೆನ್ನವೀರ, ಗಾಳಿ.
ಗಾಳಿ ಅಂದರೆ, ನೋಡುತ್ತ ನಿಂತ ನನಗೆ
ವಾಚು ಒತ್ತಲು ಮರೆತದ್ದು.

ಮೊದಲ ವರ್ಷ ನಾನು ಮೂರ್ಖ.
ದ್ವಿತೀಯಾರ್ಧದ ಹತ್ತನೇ ನಿಮಿಷಕ್ಕೆ ಎಲ್ಲರೂ ಕುಸಿಯುತ್ತಿದ್ದರು,
ದಮ್ಮು ಸಾಲದು ಅಂದುಕೊಂಡೆ.
ಕಾರ್ನಿಶ್ ಉದ್ದಕ್ಕೂ ಎಂಟು ಕಿಲೋಮೀಟರು ಓಡಿಸಿದೆ,
ವಾರಕ್ಕೆ ಮೂರು ಸಲ,
ಕಡ ತಂದ ಸೈಕಲ್ಲಿನಲ್ಲಿ ಹಿಂದಿನಿಂದ ಬೈಯುತ್ತ.
ಓಡಿದರು. ಒಬ್ಬನೂ ನಿಲ್ಲಲಿಲ್ಲ.
ಅದನ್ನಾದರೂ ನಾನು ಗಮನಿಸಬೇಕಿತ್ತು.
ಪಂದ್ಯದ ದಿನ ಚೆಂಡು ಬೆನ್ನ ಹಿಂದೆ ಬಿದ್ದರೂ
ಅದೇ ಎಂಟು ಕಿಲೋಮೀಟರಿನ ಹದದಲ್ಲಿ ತಿರುಗಿದರು.
ದಮ್ಮಾಮಿನ ಬೇಕರಿ ಹುಡುಗರು (ಹೆಸರಲ್ಲೇ ದಮ್ಮು)
ಪುರ್ರೆಂದು ದಾಟಿ ಗೋಲು ಹೊಡೆದು
ವಾಪಸು ಬಂದು ನಮ್ಮವರ ಬೆನ್ನು ತಟ್ಟಿದರು.

ಆಮೇಲೊಂದು ದಿನ ಕ್ಲಾಂಪು ತಲುಪಿಸಲು ಸೈಟಿಗೆ ಹೋದೆ.
ಏಳನೇ ಅಟ್ಟಣಿಗೆಯ ಮೇಲೆ ಚೆನ್ನವೀರ,
ಒಂದು ಕೈ ಕಂಬಿಗೆ, ಒಂದರಲ್ಲಿ ಸ್ಪ್ಯಾನರು.
ಇಳಿದ. ಸಹಿ ಹಾಕಿದ. ಚೀಲ ಹೆಗಲಿಗೇರಿಸಿ ಮತ್ತೆ ಏಣಿಗೆ ಕಾಲಿಟ್ಟ.
ಇವತ್ತು ಎಷ್ಟನೇ ಸಲ ಎಂದೆ.
"ಎಣಸಂಗಿಲ್ರೀ ಸರ, ಎಣಿಸಿದ್ರ ಕಾಲು ಭಾರ ಆಕ್ಕಾವ."
ಹನ್ನೊಂದು ತಾಸಿನ ದಮ್ಮನ್ನು ಕಂಪನಿ ಕೊಂಡಾಗಿತ್ತು.
ಮಿಕ್ಕದ್ದನ್ನು ಸಂಜೆ ಸಮುದ್ರದ ದಂಡೆಯಲ್ಲಿ
ನಾನು ಪುಕ್ಕಟೆ ಕರಗಿಸುತ್ತಿದ್ದೆ.

ಈಗ ಗುರುವಾರಕ್ಕೆ ಆರು ದೌಡು, ಅಷ್ಟೇ.
ಮೂವತ್ತು ಮೀಟರು, ನಾಯಿ ಅಟ್ಟಿಸಿಕೊಂಡು ಬಂದ ಹಾಗೆ.
ನಡುನಡುವೆ ಮೂರು ನಿಮಿಷ ಏನೂ ಮಾಡಕೂಡದು.
ಕಲಿಸಲು ಕಷ್ಟವಾದದ್ದು ಅದೇ.
ಸುಮ್ಮನಿದ್ದರೆ ಫೋರ್‌ಮನ್ ಕಂಡಾನೆಂದು
ಮೈಯದ್ದಿ ನೀರಿನ ಕ್ಯಾನು ಅತ್ತ ಇತ್ತ ಸರಿಸುತ್ತಾನೆ,
ಸಿರಿಲ್ ಸರಿಯಾಗಿದ್ದ ಲೇಸು ಬಿಚ್ಚಿ ಕಟ್ಟುತ್ತಾನೆ.
ಮಲಗ್ರೋ ಎಂದು ಸೀಟಿ ಊದುತ್ತೇನೆ.

ದೂರದ ಓಟ ಬೇಡವೇ ಬೇಡ ಅಂತಲ್ಲ.
ರಜೆ ಮುಗಿಸಿ ಊರಿಂದ ಮರಳಿದವರ ಹೊಟ್ಟೆಗೆ
ಹದಿನೈದು ದಿನ ಕಾರ್ನಿಶ್ ಉಂಟು,
ದಿನವಿಡೀ ಕುರ್ಚಿ ಬಿಸಿ ಮಾಡುವ ನನಗೂ ಉಂಟು.
ಖಾಲಿಯಾದ ಕಪಾಟಿಗೆ ಮಾತ್ರ ಹೊಸ ಮಾಲು,
ಇದು ಸ್ಟೋರಿನ ಮೊದಲ ನಿಯಮ;
ಮೈದಾನಕ್ಕೆ ತರಲು ನನಗೆ ಎರಡು ವರ್ಷ ಹಿಡಿಯಿತು.
ಗೆದ್ದಿರಾ ಎಂದು ಕೇಳಬೇಡಿ.
ಒಂದು ಡ್ರಾ ಆಗಿದೆ.

ಇವತ್ತು ನಾಲ್ಕನೆಯದರ ನಂತರ ಎಲ್ಲರೂ ಅಂಗಾತ.
ಎದೆಗಳು ಏರಿ ಇಳಿದು, ಏರಿ ಇಳಿದು
ಒಂದೊಂದಾಗಿ ಸಮಾಧಾನಕ್ಕೆ ಬರುತ್ತವೆ.
ಮೂರು ನಿಮಿಷ ಆಯಿತು.
ಮೈಯದ್ದಿ ಎದ್ದ. ಸಿರಿಲ್ ಎದ್ದ.
ಚೆನ್ನವೀರನದು ಗೊರಕೆ, ಬಾಯಿ ತೆರೆದು,
ಕೆನ್ನೆಗೆ ಟೈರಿನ ರವೆ ಮೆತ್ತಿಕೊಂಡು.
ಮೈಯದ್ದಿ ನನ್ನ ಮುಖ ನೋಡಿದ.
ಸೀಟಿ ತುಟಿಯಲ್ಲೇ ಇತ್ತು.

ಕ್ಯಾಂಪಿನ ಬಸ್ಸು ಹತ್ತೂ ನಲವತ್ತಕ್ಕೆ.
ಪುಸ್ತಕ ತಿರುವಿ ಬರೆದೆ:
ಚೆನ್ನವೀರ, ನಾಲ್ಕು. ಬಾಕಿ, ಎರಡು.