ಒಬ್ಬರಿಗೊಂದು

ಏಳು ಮಂದಿ, ಏಳು ಹಕ್ಕಿ.
ಕಮಠಾಣದ ದಾರ್ಯಾಗ ಒಬ್ಬಾಂವ ಬಟೇರ್ ಸಾಕ್ಯಾನ,
ತಿಮೋತಿ ಬೆಳಿಗ್ಗೇನೇ ಗಾಡಿ ತಗೊಂಡು ಹೋಗಿ ತಂದ.
ರಟ್ಟಿನ ಡಬ್ಬಿಯೊಳಗ, ಪುಕ್ಕ ಕಿತ್ತು, ತಲಿ ಕುತಿಗಿ ತೆಗೆದು,
ನನ್ನ ಮುಷ್ಟಿಗಿಂತ ಒಂದೀಟು ದೊಡ್ಡವು.
ಮಾವ ಚಾಳೀಸು ಏರಿಸಿ ಬಗ್ಗಿ ನೋಡಿದ್ರು:
"ಇವನ್ನ ಇನ್ನೆರಡು ತಿಂಗಳು ಬೆಳೆಸಬೇಕಿತ್ತು."

ಇವತ್ತ ಅತ್ತೀದು ಕಡೀ ಡ್ಯೂಟಿ.
ಮೂವತ್ನಾಕು ವರ್ಷ ಹೆರಿಗಿ ವಾರ್ಡಿನ ಆಯಾ.
ಬೀದರಿನ ಅರ್ಧ ಮಂದಿನ್ನ
ಮೊದಲ ಸಲ ತೊಳೆದಾಕಿ ತಾನೇ ಅಂತಾಳ,
ಬಸ್ಸಿನ್ಯಾಗ ಸೀಟು ಬಿಡದವರ ಮುಂದ ಜೋರಾಗೇ ಅಂತಾಳ.

ಮೋಸಂಬಿಗೆ ಒಂದು ಹಟ ಅದ.
ಹೋದ ಶನಿವಾರ ಯಾರಿಗೂ ಹೇಳದೆ
ಒಂದೇ ಒಂದು ತರಿಸಿ ತಾಲೀಮು ಮಾಡಿದ್ದೆ.
ರಸ ಮೊದಲೇ ಹೊಯ್ದು ಕೊತ ಕೊತ ಕುದಿಸಿದೆ.
ಬೇವು. ಖರೇನೇ ಬೇವು.
ಒಲಿ ಮುಂದ ನಿಂತೇ ತಿಂದು ಎಲುಬು ಮುಚ್ಚಿಟ್ಟೆ.
ನನ್ನ ಜನ್ಮದಾಗ ಮೊದಲನೇ ಇಡೀ ಹಕ್ಕಿ,
ಅದೂ ಕಹಿ.

ಇವತ್ತ ಅವಸರಿಲ್ಲ.
ಉಪ್ಪು, ಅರಿಶಿಣ, ಮೆಣಸು, ಹಸಿಶುಂಠಿ ಹಚ್ಚಿ
ಒಂದು ತಾಸು ನೆಳ್ಳಾಗ ಇಟ್ಟೆ.
ಒಂದೊಂದರ ಹೊಟ್ಟ್ಯಾಗೂ ಬೆಳ್ಳುಳ್ಳಿ, ಒಂದು ಮೋಸಂಬಿ ತೊಳಿ,
ಬಿಳಿ ನಾರು ಉಗುರಿಲೆ ಬಿಡಿಸಿ.
ಹಿಟ್ಟಿನ ಚೀಲದ ದಾರ ಬಿಚ್ಚಿ ಕಾಲು ಕಟ್ಟಿದೆ:
ಏಳೂ ಮೊಣಕಾಲು ಕೂಡಿಸಿ
ಭಾನುವಾರದ ಪ್ರಾರ್ಥನಾಕ್ಕ ಕುಂತಂಗ ಕುಂತವು.
ಭಗೋಣ್ಯಾಗ ತುಪ್ಪ. ಆ ಮಗ್ಗಲಾ, ಈ ಮಗ್ಗಲಾ,
ಇಟ್ಟಂಗಿ ಬಣ್ಣ ಬರೋತನಕ.
ಮ್ಯಾಲ ತಾಟು ಮುಚ್ಚಿ ತಾಟಿನ ಮ್ಯಾಲ ಕೆಂಡ.

ಕೋಳಿ ಅಂದ್ರ ಲೆಕ್ಕ ಬ್ಯಾರೆ.
ಕೋಳಿಗೆ ಎರಡೇ ಕಾಲು.
ಒಂದು ಅಳಿಯ ಜೈಪಾಲಗ, ಅಂವ ಬರದ ದಿನ ಮಾವಗ,
ಇನ್ನೊಂದು ತಿಮೋತಿಗೆ.
ಎದಿ ಮಕ್ಕಳಿಗೆ, ಪಿತ್ಥ ಕೇಳಿದವರಿಗೆ,
ಬೆನ್ನು ನಂದು.
ಕುತಿಗಿ ಅತ್ತೀದು.
ಯಾರು ಹಂಚಿಟ್ಟರೋ ಗೊತ್ತಿಲ್ಲ,
ಸೌಟು ತಾನೇ ಹಂಗ ತಿರಗತದ.
"ಕುತ್ಗ್ಯಾಗೇ ರುಚಿ ಇರ್ತದ" ಅಂತಾಳ,
ನಾನು ಬೆನ್ನಿನ ಬಗ್ಗೆ ಹೇಳೋದು ಕಲಿತದ್ದು ಆಕಿಂದಲೇ.

ಬೆಲ್ಲ ಕರಗಿತು. ಕೆಂಪು ಮೆಣಸಿನಕಾಯಿ ಎರಡು, ನಿಂಬಿಹಣ್ಣು ಎರಡು.
ಒಲಿ ಆರಿಸಿದೆ.
ಆಮ್ಯಾಲ, ಎಲ್ಲಾ ಆದಮ್ಯಾಲ, ಮೋಸಂಬಿ ರಸ.
ಬೆರಳು ಅದ್ದಿ ನೆಕ್ಕಿ ಸುಮ್ನ ನಿಂತೆ.
ಕಹಿ ಬರೋದು ಕಾದೆ.
ಬರಲಿಲ್ಲ.

ರಾತ್ರಿ ಅತ್ತಿ ಬಂದ್ಳು,
ಮೈಮ್ಯಾಲ ಯಾರೋ ಹೊದಿಸಿದ ಶಾಲು,
ಬಗಲಾಗ ಬಣ್ಣದ ಕಾಗದದಾಗ ಸುತ್ತಿದ ಗಡಿಯಾರ,
ಅದು ಆಗಲೇ ಟಿಕ್ ಟಿಕ್ ಅಂತಿತ್ತು.
ನಾದಿನಿ ಸುಗುಣಾ, ಜೈಪಾಲ, ನನ್ನ ಮಗಳು ಕೃಪಾ,
ಎಲ್ಲಾರೂ ಸುತ್ತ ಕುಂತ್ರು.
ಮಾವ ಪ್ರಾರ್ಥನಾ ಉದ್ದ ಮಾಡಿದ್ರು, ರಸ ಆರಾಕತ್ತಿತ್ತು.

ಒಬ್ಬರಿಗೊಂದು ಇಟ್ಟೆ.
ಅತ್ತಿ ದಾರ ಬಿಚ್ಚಿದ್ಳು,
ಒಂದು ಕಾಲು ಮುರಿದು ಕೈಯಾಗ ಹಿಡಿದು
ಯಾರಿಗೆ ಕೊಡ್ಲಿ ಅಂತ ಸುತ್ತ ನೋಡಿದ್ಳು.
ಜೈಪಾಲನ ತಾಟಿನ್ಯಾಗ ಎರಡು ಕಾಲು.
ತಿಮೋತಿ ತಾಟಿನ್ಯಾಗ ಎರಡು.
ಕೃಪಾನ ತಾಟಿನ್ಯಾಗ ಎರಡು.
ಆ ಕೈ ಗಾಳಿಯೊಳಗೇ ನಿಂತಿತು,
ರಸ ಮೊಣಕೈತನಕ ಇಳೀತು.

ಆಮ್ಯಾಲ ತಾಟು ತಿರುಗಿಸಿ, ಹಕ್ಕಿ ತಿರುಗಿಸಿ,
ಬೆಳಕಿಗೆ ಹಿಡಿದು ಕೇಳಿದ್ಳು:
"ಅಲ್ಲ ಸುವಾರ್ತಾ, ಇದರ ಕುತಿಗಿ ಎಲ್ಲಿ?"

ಇಲ್ಲ ಅತ್ತಿ, ಅಂದೆ. ಅಲ್ಲೇ ಕಡಿದು ಒಗೀತಾರ.
"ಒಗೀತಾರ?"

ಮುಂದ ಏನೂ ಅನಲಿಲ್ಲ.
ಜ್ವಾಳದ ರೊಟ್ಟಿ ಮುರಿದು ರಸದಾಗ ಅದ್ದಿದ್ಳು,
ಆ ಕಾಲು ತಿಂದ್ಳು. ಇನ್ನೊಂದೂ ತಿಂದ್ಳು.
ಎದ್ದು ನೋಡ್ತೀನಿ, ಆರು ತಾಟಿನ್ಯಾಗ ಎಲುಬಿನ ಗುಡ್ಡಿ,
ಅತ್ತಿ ತಾಟಿನ್ಯಾಗ
ಹಿಟ್ಟಿನ ಚೀಲದ ಒಂದು ದಾರ, ಮೋಸಂಬಿಯ ಎರಡು ಬೀಜ.
ಬೆಕ್ಕು ಬಂದು ಮೂಸಿ
ಮಾವನ ತಾಟಿನ ಕಡೆ ಹೋತು.