ಒಂದು ಸಾಲು ಸರಿದರೆ

ಬೋಸ್ನಿಯಾದ ತುಜ್ಲಾ. ಶಾಲೆಯ ಕೊನೆಯ ಕೋಣೆ.
ಗೋಡೆಯಲ್ಲೊಂದು ಬಿರುಕು; ಹೋದ ವರ್ಷ ಹಾಳೆ ತೂರುತ್ತಿತ್ತು,
ಈ ವರ್ಷ ಪೆನ್ಸಿಲು.
ಅದಕ್ಕೆ ಬೆನ್ನು ಕೊಟ್ಟು ನಿಂತ ಮೆವ್ಲಿದಾ ಟೀಚರು
ಮೇಜಿನ ಮೇಲಿಟ್ಟರು ಉಪ್ಪಿನ ಒಂದು ಗಟ್ಟಿ,
ಪಕ್ಕಕ್ಕೆ ಸುತ್ತಿಗೆ.

"ಇದರೊಳಗೆ ಇಬ್ಬರಿದ್ದಾರೆ.
ಒಬ್ಬ, ಬೆಣ್ಣೆಯ ಹಾಗೆ ಚಾಕುವಿಗೆ ಸಿಗುವ ಲೋಹ,
ನೀರು ಕಂಡರೆ ಹೊತ್ತಿಕೊಂಡು ಕುಣಿಯುವ ಮುಂಗೋಪಿ.
ಇನ್ನೊಬ್ಬಳು ಹಸಿರುಹಳದಿ ಗಾಳಿ,
ಎದೆಗಿಳಿದರೆ ಸುಟ್ಟಾಳು.
ಅವನಲ್ಲಿ ಒಂದು ಹೆಚ್ಚು, ಅವಳಿಗೆ ಒಂದು ಕಡಿಮೆ.
ಕೊಟ್ಟ. ಕೊಂಡಳು.
ಬೆಳಿಗ್ಗೆ ಮೊಟ್ಟೆಯ ಮೇಲೆ ಚಿಮುಕಿಸಿ ತಿಂದು ಬಂದಿರಲ್ಲ,
ಆ ಬೆಂಕಿಯನ್ನೇ, ಆ ವಿಷವನ್ನೇ."

ಕೊಟ್ಟವನಿಗೆ ಧನ, ಕೊಂಡವಳಿಗೆ ಋಣ.
ಎಂಥ ಲೆಕ್ಕವೋ ಇದು! ಕಳೆದುಕೊಂಡವ ಸಿರಿವಂತ,
ಪಡೆದವಳು ಸಾಲಗಾರ್ತಿ.
(ಇದು ನನ್ನ ನುಡಿಯ ತುಂಟತನ.
ಅವರ ಹಲಗೆಯ ಮೇಲಿದ್ದದ್ದು
ಒಂದು ಕೂಡು, ಒಂದು ಕಳೆ, ಅಷ್ಟೇ.)

"ಹಾಗಾದರೆ ಇವಳು ಇವನವಳೇ?" ಹಿಂದಿನ ಬೆಂಚಿನ ಯಾಸೆಂಕೊ.
ನಗೆ.
"ಅಲ್ಲ. ಇಲ್ಲಿ ಜೋಡಿಯೇ ಇಲ್ಲ.
ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ, ಹಿಂದೆ ಮುಂದೆ,
ಅವನ ಸುತ್ತ ಅವಳಂಥ ಆರು, ಅವಳ ಸುತ್ತ ಅವನಂಥ ಆರು.
ಯಾರು ಯಾರಿಗೆ ಕೊಟ್ಟರೆಂದು
ಯಾರಿಗೂ ನೆನಪಿಲ್ಲದ ಕೇರಿ."

ಸುತ್ತಿಗೆ ಎತ್ತಿ ಒಂದೇ ಏಟು.
ನುಚ್ಚಾಗಲಿಲ್ಲ. ನೇರ ಸೀಳಿತು,
ಸೀಳಿದ ಮೈ ಒರೆಸಿಟ್ಟ ಗಾಜು.
"ಬಡಿದಾಗ ಒಂದು ಸಾಲು ಒಂದೇ ಮನೆ ಸರಿಯಿತು.
ಅವನೆದುರು ಅವನೇ ಬಂದ, ಅವಳೆದುರು ಅವಳೇ.
ಒಂದೇ ಗುರುತಿನವರು ಒಬ್ಬರನ್ನೊಬ್ಬರು ನೂಕಿದರು."
ಕೊಂಚ ತಡೆದು,
"ದೊಡ್ಡವರು ಇದಕ್ಕೆ ಬೇರೆ ಅರ್ಥ ಹಚ್ಚುತ್ತಾರೆ.
ನೀವು ಹಚ್ಚಬೇಡಿ. ಇದು ಉಪ್ಪು."

ಅವರಪ್ಪ ಉಪ್ಪುನೀರಿನ ಪಂಪಿನ ಕೆಲಸಗಾರ.
ಸಂಜೆ ಬಾಗಿಲಲ್ಲಿ ಬಿಚ್ಚಿಟ್ಟ ಬೂಟುಗಳ ಮೇಲೆ
ಬಿಳಿಯ ಗೆರೆಗಳು; ಅಮ್ಮ ಉಗುರಿನಿಂದ ಕೆರೆಯುತ್ತಿದ್ದಳು.
ನೆಲದಾಳಕ್ಕೆ ನೀರು, ಮೇಲಕ್ಕೆ ಉಪ್ಪು.
ಎಂಟುನೂರು ಡಿಗ್ರಿಯವರೆಗೆ ಬೆಂಕಿಗೆ ಬಗ್ಗದ ಹಿಡಿತವನ್ನು
ತಣ್ಣನೆಯ ನೀರು ಸುತ್ತುವರಿದು, ಮುದ್ದು ಮಾಡಿ,
ಒಬ್ಬೊಬ್ಬರನ್ನಾಗಿ ಕರೆದೊಯ್ಯಿತು.
ಉಪ್ಪು ತಿಂದವ ನೀರು ಕುಡಿಯಲೇಬೇಕು, ಹೌದು.
ಇಲ್ಲಿ ನೀರೇ ಉಪ್ಪು ತಿಂದಿತು,
ಕುಡಿದದ್ದು ಊರು.
ಅಡುಗೆಮನೆಯ ಬಾಗಿಲು ಹಾಕಲಾಗದೆ ಹೋಯಿತು ಮೊದಲು.
ಆಮೇಲೆ ಗೋಲಿ, ಯಾರೂ ತಳ್ಳದೆ,
ಹಾಸಿಗೆಯ ಕೆಳಗಿನಿಂದ ಒಲೆಯ ತನಕ ಉರುಳಿತು.
ಆಮೇಲೆ ಆ ಬೀದಿಗೆ ಹೆಸರು ಮಾತ್ರ ಉಳಿಯಿತು.

"ಈಗ ಬಲ್ಬು," ಎಂದರು.
ಗಟ್ಟಿಗೆ ತಂತಿ ತಾಗಿಸಿದರೆ ಕತ್ತಲೆ.
ನೀರಿಗೆ ಹಾಕಿ ಕಲಕಿದರೆ, ಹೊತ್ತಿತು!
ಬಿಗಿಯಾಗಿ ನಿಂತಾಗ ಏನನ್ನೂ ಸಾಗಿಸಲಾರದವರು
ಕೈಬಿಟ್ಟ ಮೇಲೆ ಬೆಳಕು ಹೊರುತ್ತಾರೆ.
ಇದನ್ನು ಯಾರೂ ಬರೆದುಕೊಳ್ಳಲಿಲ್ಲ. ಗಂಟೆ ಹೊಡೆದಿತ್ತು.

ಬೀಕರು ಕಿಟಕಿಯಲ್ಲೇ ಉಳಿಯಿತು. ಆಗಸ್ಟಿನ ಬಿಸಿಲಿನ್ನೂ ಮುಗಿಯದ ಸೆಪ್ಟೆಂಬರು.
ಎರಡು ವಾರ ಕಳೆದು ಯಾಸೆಂಕೊ ನೋಡಿದ:
ತಳದಲ್ಲಿ ಪುಟ್ಟ ಪುಟ್ಟ ಚೌಕಗಳು,
ಒಂದೊಂದರ ಮೂಲೆಯೂ ಚೊಕ್ಕ.
ಆದರೆ ಗಾಜಿನೊಳಗೆ ನೀರಿಳಿದ ಬಿಳಿಗುರುತು
ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ.

"ಟೀಚರ್, ಉಪ್ಪು ಓರೆಯಾಗಿದೆ."

ಅವರು ಕನ್ನಡಕ ಹಾಕಿಕೊಂಡು ಬಗ್ಗಿದರು,
ಕಿಟಕಿಯ ಕಟ್ಟೆಗೆ ಕೆನ್ನೆ ತಾಗುವಷ್ಟು.
"ಉಪ್ಪಲ್ಲ," ಎಂದರು.